ಉಸಿರು ಶಾಂತವ್ವನದು, ಓಟ ನೀಲವ್ವನದು

1996ರ ಮೇ ತಿಂಗಳ ಮೂರನೆಯ ಶನಿವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಸವದತ್ತಿಯಿಂದ ಹೂಲಿಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ಒಂದು ವಸತಿ ಶಾಲೆಯ ಮೈದಾನ. ಹಾಜರಿದ್ದವರು ನಾಲ್ವರು: ಸುಣ್ಣದ ಬುಟ್ಟಿ ಹಿಡಿದ ನಾನು, ಹಗ್ಗದ ಒಂದು ತುದಿ ಹಿಡಿದ ನೀಲವ್ವ, ಇನ್ನೊಂದು ತುದಿ ಹಿಡಿದ ಶಾಂತವ್ವ, ಚಹಾದ ಕಿಟ್ಲಿ ಹಿಡಿದು ನಮಗೆ ಬೈಯುತ್ತಾ ನಿಂತ ಅಡುಗೆಯ ಮಲ್ಲವ್ವ. ಸಂಜೆಯ ಪಂದ್ಯಕ್ಕೆ ಕಬಡ್ಡಿ ಅಂಕಣದ ಗೆರೆ ಎಳೆಯುತ್ತಿದ್ದೆವು.

ನೀಲವ್ವ ದೊಡವಾಡದವಳು, ವಯಸ್ಸು ಹತ್ತೊಂಬತ್ತು. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಶಾಂತವ್ವ ರಾಮದುರ್ಗದ ಕಡೆಯವಳು, ಅವಳಿಗಿಂತ ಒಂದು ವರ್ಷ ಚಿಕ್ಕವಳು. ನಾಲ್ಕನೆಯ ವಯಸ್ಸಿನಲ್ಲಿ ಎರಡೂ ಕಣ್ಣು ಹೋದವು. ಸಂಜೆ ರಾಮದುರ್ಗದಿಂದ ಹೆಣ್ಣುಮಕ್ಕಳ ತಂಡವೊಂದು ಬರುವುದಿತ್ತು. ನೀಲವ್ವ ಎದುರಾಳಿಯ ಅಂಕಣಕ್ಕೆ ದಾಳಿ ಮಾಡಿ, ಮುಟ್ಟಿ, ಮರಳಿ ಬಂದರೆ ಅದನ್ನು ಅಂಕವೆಂದು ಬರೆಯಬೇಕೋ ಬೇಡವೋ ಎನ್ನುವುದು ಆ ದಿನ ಇತ್ಯರ್ಥವಾಗಬೇಕಿತ್ತು. ಇಂತಹ ಪ್ರಶ್ನೆ ಹುಟ್ಟಿದ್ದೇ ನನ್ನಿಂದ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಾನು ಬೈಲಹೊಂಗಲದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಬಡ್ತಿ ಯಾವಾಗ ಬಂತು, ಯಾಕೆ ತಡವಾಯಿತು ಎನ್ನುವುದೆಲ್ಲ ಸೇವಾ ಪುಸ್ತಕದಲ್ಲಿದೆ, ಅಲ್ಲಿಯೇ ಇರಲಿ. ಓದಿದ್ದು ಕಟ್ಟುನಿಟ್ಟಿನ ಬೋರ್ಡಿಂಗಿನಲ್ಲಿ. ಅಲ್ಲಿ ಐದಕ್ಕೆ ಏಳಬೇಕು, ಹಾಸಿಗೆಯ ಮಡಿಕೆ ನಾಲ್ಕೇ ಇರಬೇಕು, ಊಟದ ತಾಟು ಗೋಡೆಯಿಂದ ಒಂದು ಗೇಣು ದೂರ ಇರಬೇಕು. ಅದೇ ಅಭ್ಯಾಸವನ್ನು ನನ್ನ ವಿದ್ಯಾರ್ಥಿಗಳಿಗೂ ಹಚ್ಚಿದೆ. 1996ರಿಂದ ಹನ್ನೊಂದು ಬೇಸಿಗೆ ನಾನು ಈ ಶಿಬಿರದಲ್ಲಿ ದಿನಚರಿ ಮತ್ತು ಆಟಗಳ ಹೊಣೆ ಹೊತ್ತೆ. ಹನ್ನೆರಡು ದಿನಗಳ ಶಿಬಿರ. ಐವತ್ತೆರಡು ಜನ, ಅರ್ಧದಷ್ಟು ಅಂಗವಿಕಲರು, ಅರ್ಧದಷ್ಟು ಸುತ್ತಲಿನ ಶಾಲೆ ಕಾಲೇಜುಗಳಿಂದ ಬಂದವರು. ಎಲ್ಲರಿಗೂ ಒಂದೇ ಊಟ, ಒಂದೇ ಆಟ, ಒಂದೇ ಕೆಲಸದ ಪಾಳಿ. ಇವತ್ತು ಇಂತಹ ಕೆಲಸಕ್ಕೆ ಬರುವ ಹುಡುಗ ಹುಡುಗಿಯರ ಕೈಯಲ್ಲಿ ತರಬೇತಿಯ ಪತ್ರವಿರುತ್ತದೆ. ನನ್ನ ಕೈಯಲ್ಲಿ ಇದ್ದದ್ದು ಒಂದು ಸೀಟಿ.

ಶಿಬಿರದ ಮುಖ್ಯಸ್ಥೆ ಸರೋಜಕ್ಕ. ಕಿತ್ತೂರಿನವರು, ಮೊದಲು ದವಾಖಾನೆಯಲ್ಲಿ ನರ್ಸ್ ಆಗಿದ್ದವರು. ಪೋಲಿಯೊದಿಂದ ಎಡಗಾಲು ಸೊರಗಿತ್ತು, ಕೋಲು ಊರಿ ನಡೆಯುತ್ತಿದ್ದರು. ಮಾತು ಕಡಿಮೆ, ನೋಟ ಚುರುಕು. ನಾನು ಹೋಗಿ ನಮಸ್ಕಾರ ಮಾಡಿದಾಗ ಮೊದಲು ನನ್ನ ಕೊರಳಲ್ಲಿದ್ದ ಸೀಟಿಯನ್ನೇ ನೋಡಿದರು.

"ಮಾಸ್ತರ, ನೀವು ಸೀಟಿ ಊದಿದ್ರ ಬೈಲಹೊಂಗಲದಾಗ ಬಸ್ ನಿಂದರತಾವಂತ, ಖರೆ ಏನ್ರಿ?"

"ಅಷ್ಟೇನಿಲ್ರಿ ಅಕ್ಕಾರ. ಹುಡುಗರು ನಿಂದರತಾರ."

"ಇಲ್ಲಿ ಯಾರ‍್ಯಾರು ನಿಂದರತಾರ, ನೋಡಿಕೋರಿ," ಎಂದು ಒಳಗೆ ಹೋದರು.

ಮರುದಿನ ಐದೂವರೆಗೆ ಸರಿಯಾಗಿ ಅಂಗಳದಲ್ಲಿ ನಿಂತು ಊದಿದೆ. ಕೆಲವರು ಓಡಿ ಬಂದರು, ಕೆಲವರು ಊರುಗೋಲು ಹುಡುಕಿಕೊಂಡು ಬಂದರು, ಕೆಲವರು ಗಾಲಿಕುರ್ಚಿಯಲ್ಲಿ ಬಂದರು. ಒಂಬತ್ತು ಜನ ಬರಲೇ ಇಲ್ಲ. ಕಿಟಕಿಯಿಂದ ನೋಡಿದರೆ ಒಳ್ಳೆಯ ನಿದ್ದೆಯಲ್ಲಿದ್ದರು. ನಾನು ಹಾಜರಿ ಪಟ್ಟಿಯಲ್ಲಿ ಒಂಬತ್ತೂ ಹೆಸರಿನ ಮುಂದೆ ಕೆಂಪು ಮಸಿಯಲ್ಲಿ 'ತಡ' ಎಂದು ಬರೆದು ಸರೋಜಕ್ಕನ ಮೇಜಿನ ಮೇಲೆ ಇಟ್ಟೆ.

ಅವರು ಕನ್ನಡಕ ಏರಿಸಿ ಓದಿದರು. "ಈ ಒಂಬತ್ತೂ ಮಂದಿಗೆ ಕಿವಿ ಕೇಳಂಗಿಲ್ಲ. ನೀವು ಎಷ್ಟು ಜೋರ ಊದಿದ್ರಿ?"

ನನಗೆ ಇನ್ನೂ ತಲೆಗೆ ಹೋಗಿರಲಿಲ್ಲ. "ಭಾಳ ಜೋರ ಊದೀನ್ರಿ," ಎಂದೆ.

"ಹಂಗಾರ ನಾಳೆ ಇನ್ನಷ್ಟು ಜೋರ ಊದ್ರಿ," ಎಂದು ಪಟ್ಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು.

ಅಂದು ಮಧ್ಯಾಹ್ನ ಮಲಗುವ ಕೋಣೆಗಳ ಕಬ್ಬಿಣದ ಮಂಚಗಳ ಕಾಲಿಗೆ ಉದ್ದವಾದ ಹಗ್ಗ ಪೋಣಿಸಿ, ಅದರ ತುದಿಯನ್ನು ಹೊರಗೆ ತಂದೆ. ಬೆಳಿಗ್ಗೆ ಎಳೆದರೆ ಮಂಚ ಅಲುಗಬೇಕು, ಮಲಗಿದವರು ಏಳಬೇಕು. ವಿಚಾರ ಸರಿಯಾಗಿಯೇ ಇತ್ತು. ಎಳೆದವನು ಮಾತ್ರ ನಾನು, ಹಗ್ಗಜಗ್ಗಾಟದ ತರಬೇತುದಾರ. ಮೊದಲನೆಯ ಮಂಚ ಬಾಗಿಲತನಕ ಬಂತು, ಅದರ ಮೇಲಿದ್ದವನೂ ಬಂದ. ಎಚ್ಚರವಾಗಿ ಆಕಾಶ ನೋಡಿ ಅವನು ನಕ್ಕ ನಗೆಗೆ ಇಡೀ ಶಿಬಿರ ಎದ್ದಿತು. ಮರುದಿನದಿಂದ ಹಗ್ಗ ಎಳೆಯುವ ಕೆಲಸವನ್ನು ಮಲ್ಲವ್ವ ನನ್ನಿಂದ ಕಸಿದುಕೊಂಡಳು. ಮುಂದಿನ ವರ್ಷಗಳಲ್ಲಿ ಟ್ಯೂಬ್‌ಲೈಟನ್ನು ಹಚ್ಚಿ ಆರಿಸಿ ಎಬ್ಬಿಸುವ ರೂಢಿ ಬಂತು. ಕೊನೆಯ ವರ್ಷ ಒಬ್ಬ ಹುಡುಗ ನಡುಗುವ ಮೊಬೈಲನ್ನು ದಿಂಬಿನ ಕೆಳಗೆ ಇಟ್ಟುಕೊಂಡು, ನನಗಿಂತ ಮೊದಲೇ ಎದ್ದು, ಅಂಗಳದಲ್ಲಿ ನಿಂತು ನನಗೆ ಸೆಲ್ಯೂಟ್ ಹೊಡೆದ. ಆದರೂ ಬೇಸಿಗೆಯಲ್ಲಿ ಕರೆಂಟಿನ ಭರವಸೆ ಇಲ್ಲದ ಕಾರಣ ಹಗ್ಗ ಕೊನೆಯವರೆಗೂ ಇತ್ತು.

ಎರಡನೆಯ ತಪ್ಪು ಬಿಲ್ಲೆಗಳದ್ದು. ಶಾಲೆಗಳಿಂದ ಬಂದ ಮಕ್ಕಳಿಗೆಲ್ಲ ಎದೆಯ ಮೇಲೆ ಹಚ್ಚಿಕೊಳ್ಳಲು 'ಸಹಾಯಕ' ಎಂದು ಬರೆದ ಬಟ್ಟೆಯ ಬಿಲ್ಲೆ ಹೊಲಿಸಿ ತಂದಿದ್ದೆ. ಎರಡನೆಯ ದಿನ ಬೆಳಗಿನ ಉಪ್ಪಿಟ್ಟಿನ ಹೊತ್ತಿಗೆ ಶಾಂತವ್ವ ಪಕ್ಕದವಳ ಬಿಲ್ಲೆಯನ್ನು ಬೆರಳಿನಿಂದ ಸವರಿದಳು.

"ಇದೇನ ಹಚಗೊಂಡಿಯವಾ?"

"ಸಹಾಯಕ ಅಂತ ಬರದೈತಿ. ಸರ ಕೊಟ್ಟಾರ."

ಶಾಂತವ್ವ ನನ್ನ ಬೂಟಿನ ಸಪ್ಪಳ ಹಿಡಿದು ನೇರವಾಗಿ ನನ್ನೆದುರಿಗೆ ಬಂದಳು. "ಸರ, ನನಗೂ ಒಂದು ಕೊಡ್ರಿ. ನಿನ್ನಿ ಸಂಜಿಮುಂದ ಕರೆಂಟ್ ಹೋತಲ್ರಿ, ಈ ಸಹಾಯಕರನ್ನೆಲ್ಲಾ ಸಾಲಾಗಿ ಪಾಯಖಾನಿಗೆ ಕರಕೊಂಡು ಹೋದಾಕಿ ನಾನ."

ಸುತ್ತಲಿನವರು ನಕ್ಕರು. ಶಾಲೆಯ ಹುಡುಗಿಯರೇ ಹೆಚ್ಚು ನಕ್ಕರು. ಅವಳ ಹೆಗಲು ಹಿಡಿದು ಸಾಲಿನಲ್ಲಿ ಹೋದವರು ಅವರೇ. ಊಟಕ್ಕೆ ಮುಂಚೆ ಎಲ್ಲ ಬಿಲ್ಲೆಗಳನ್ನೂ ವಾಪಸು ಪಡೆದೆ. ಮಲ್ಲವ್ವ ಅವನ್ನು ಬಿಸಿ ಪಾತ್ರೆ ಇಳಿಸಲು ಇಟ್ಟುಕೊಂಡಳು.

ಮೂರನೆಯ ದಿನದ ದಿನಚರಿಯಲ್ಲಿ ಸಂಜೆ ಐದರಿಂದ ಆರು ಕಬಡ್ಡಿ. ನಮ್ಮ ಕಡೆಯ ಹಳಬರು ಹುತುತು ಎನ್ನುತ್ತಿದ್ದ ಆಟ. ನಾನು ಈ ಆಟದ ಅಂಪೈರ್ ಆಗಿ ಹಲವು ಊರುಗಳನ್ನು ಸುತ್ತಿದವನು. ನಿಯಮದ ಪುಸ್ತಕ ಬಾಯಿಪಾಠವಿತ್ತು. ದಾಳಿ ಮಾಡುವವರು ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತಲೇ ಎದುರಾಳಿಯ ಅಂಕಣದಲ್ಲಿ ಇರಬೇಕು. ಧ್ವನಿ ಕಡಿದರೆ ಔಟ್.

ನೀಲವ್ವ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಅಂಕಣಕ್ಕೆ ಇಳಿದಳು. ಅಂತಹ ಕಾಲುಗಳನ್ನು ನಾನು ನೋಡಿದ್ದು ಕಡಿಮೆ. ಬಲಕ್ಕೆ ಹೋಗುವಂತೆ ಮೈ ತೋರಿಸಿ ಎಡಕ್ಕೆ ಹಾರಿದಳು, ಇಬ್ಬರನ್ನು ಮುಟ್ಟಿ, ಹಿಡಿಯಬಂದವಳ ಕೈ ಕೆಳಗೆ ನುಸುಳಿ ಹಿಂದಿರುಗಿದಳು. ನಾನು ಸೀಟಿ ಊದಿದೆ. "ಉಸಿರಿಲ್ಲ! ಔಟ್!" ಅವಳು ನಗುತ್ತಾ ಎರಡು ಬೆರಳು ಎತ್ತಿ ನಿಂತೇ ಇದ್ದಳು. ಕೈ ಬೀಸಿ ಹೊರಗೆ ಕಳಿಸಿದೆ. ಮತ್ತೊಮ್ಮೆ ಅವಳ ಸರದಿ ಬಂತು, ಮತ್ತೊಮ್ಮೆ ಹಾಗೆಯೇ ಮುಟ್ಟಿ ಬಂದಳು, ಮತ್ತೊಮ್ಮೆ ನಾನು ಹೊರಗೆ ಕಳಿಸಿದೆ.

ಮೂರನೆಯ ಸಲ ಅವಳು ಎದುರಾಳಿಯ ಕಡೆ ಹೋಗಲಿಲ್ಲ. ನೇರವಾಗಿ ನನ್ನ ಕಡೆ ಬಂದು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು, ಇನ್ನೊಂದು ಕೈಯಿಂದ ಅಂಕಣ ತೋರಿಸಿದಳು. ಕಟ್ಟೆಯ ಮೇಲೆ ಕುಳಿತ ಸರೋಜಕ್ಕ ಅಲ್ಲಿಂದಲೇ ಹೇಳಿದರು:

"ಬಾಯಿ ಮುಚಗೊಂಡು ನೀವ ಒಮ್ಮೆ ಹೋಗಿ ಬರ್ರಿ ಅನ್ನಾಕ ಹತ್ಯಾಳ, ಮಾಸ್ತರ."

ಶಿಬಿರವೆಲ್ಲ ನೋಡುತ್ತಿತ್ತು. ಹೋಗದಿದ್ದರೆ ಮರ್ಯಾದೆ ಉಳಿಯುತ್ತಿರಲಿಲ್ಲ. ಮಲ್ಲವ್ವ ತನ್ನ ಕೈವಸ್ತ್ರವನ್ನು ನನ್ನ ಬಾಯಿಗೆ ಬಿಗಿದಳು. ಅದರಲ್ಲಿ ಬೆಳ್ಳುಳ್ಳಿಯ ವಾಸನೆ. ನಲವತ್ತೆಂಟರ ವಯಸ್ಸಿನಲ್ಲಿ, ಬಿಳಿ ಪ್ಯಾಂಟಿನಲ್ಲಿ, ನಾನು ದಾಳಿಗೆ ಹೊರಟೆ. ವಸ್ತ್ರದ ಒಳಗೆ 'ಕಬಡ್ಡಿ' ಎನ್ನುತ್ತಲೇ ಇದ್ದೆ, ಹೊರಗೆ ಒಂದಕ್ಷರವೂ ಕೇಳುತ್ತಿರಲಿಲ್ಲ. ಎದುರಿನ ಅಂಕಣದಲ್ಲಿ ಶಾಂತವ್ವ ಎರಡೂ ಕೈ ಚಾಚಿ ಗಾಳಿಯಲ್ಲಿ ತಡಕುತ್ತಿದ್ದಳು.

"ಸರ ಎಲ್ಲಿದ್ದಾರ? ಸಪ್ಪಳ ಇಲ್ಲ! ಸಪ್ಪಳ ಇಲ್ಲಂದ್ರ ಹೆಂಗ ಹಿಡೀಲಿ? ಔಟ್ ಕೊಡ್ರಿ ಅವರಿಗೆ, ಔಟ್!"

ನನ್ನನ್ನು ಔಟ್ ಮಾಡಿ ಕುಣಿದರು. ನಾನೂ ನಕ್ಕೆ. ಆದರೆ ಬಾಯಿಯ ಬಟ್ಟೆ ಬಿಚ್ಚುವಾಗ ತೊಡಕು ಎಲ್ಲಿದೆ ಎಂದು ಅರ್ಥವಾಗಿತ್ತು. ಶಾಂತವ್ವ ದಾಳಿಗಾರರನ್ನು ಹಿಡಿಯುವುದೇ ಅವರ ಧ್ವನಿಯ ಜಾಡಿನಿಂದ. ನಿಯಮ ತೆಗೆದುಹಾಕಿದರೆ ಅವಳು ಆಟದಿಂದ ಹೊರಗೆ. ನಿಯಮ ಇಟ್ಟರೆ ನೀಲವ್ವ ಹೊರಗೆ.

ರಾತ್ರಿಯ ಊಟಕ್ಕೆ ಮುಂಚೆ ಸರೋಜಕ್ಕ ನನಗೆ ನೀಲವ್ವನ ವಿಷಯ ಹೇಳಿದರು. ದೊಡವಾಡದ ಶಾಲೆಯ ಗೋಡೆಯ ಮೇಲೆ ಕುಳಿತು ಅವಳು ಎಷ್ಟೋ ವರ್ಷ ಈ ಆಟ ನೋಡಿದ್ದಾಳೆ. ಪಟ್ಟುಗಳನ್ನೆಲ್ಲ ಕಲಿತದ್ದು ನೋಡಿಯೇ. ಓಣಿಯ ಹುಡುಗಿಯರು ಆಟಕ್ಕೆ ಕರೆಯುತ್ತಾರೆ, ಆಡಿಸುತ್ತಾರೆ.

"ಆದ್ರ ಎಣಸಂಗಿಲ್ರಿ," ಎಂದರು ಸರೋಜಕ್ಕ. "ಆಕಿ ಮುಟ್ಟಿದ್ದು ಯಾವಾಗಲೂ ಖೋಟಾ. ಇಲ್ಲಿ ಚೀಟಿ ಮ್ಯಾಲ ಬರೀತಾರಂತ ತಿಳಕೊಂಡು ಬಂದಾಳ. ಒಂದ ಪಾಯಿಂಟ್, ಪಂದ್ಯದ ಚೀಟಿಯೊಳಗ, ಅಷ್ಟ ಬೇಕು ಆಕಿಗೆ. ನೀವು ಏನ ಮಾಡತೀರಿ?"

ಆ ರಾತ್ರಿ ದೀಪದ ಮುಂದೆ ಕುಳಿತೆ. ನಿಯಮದ ಪುಸ್ತಕ ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಉಪಯೋಗವಾಗಲಿಲ್ಲ.

ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ನಾಲ್ಕನೆಯ ದಿನ ಒಲೆಯ ಪಾಳಿ ಶಾಂತವ್ವನದು. ಹಸಿ ಕಟ್ಟಿಗೆ, ಬರೀ ಹೊಗೆ. ಅವಳು ಊದುಗೊಳವೆ ಬಾಯಿಗಿಟ್ಟು ಊದಿದಳು, ಊದುತ್ತಲೇ ಇದ್ದಳು. ಒಲೆ ಭಗ್ಗೆಂದು ಹೊತ್ತಿಕೊಂಡ ಮೇಲೆಯೇ ಉಸಿರು ಬಿಟ್ಟಳು.

"ನೋಡ್ರಿ ಮಾಸ್ತರ," ಎಂದಳು ಮಲ್ಲವ್ವ. "ನನಗಾಗಿದ್ರ ನಾಕ ಸಲ ಬೇಕಾಗಿತ್ತು. ಈಕಿ ಹೊಟ್ಟಿಯೊಳಗ ಕಮ್ಮಾರನ ತಿದಿ ಐತಿ."

ಶಾಂತವ್ವ ಮಸಿಯ ಮುಖವನ್ನು ನನ್ನ ಕಡೆ ತಿರುಗಿಸಿದಳು. "ಸರ, ನೀಲವ್ವನ ಬಾಯಿ ನಾ ಆದ್ರ ಏನಾಗತೈತ್ರಿ? ಆಕಿ ಓಡಲಿ, ನಾ ಗೆರಿ ಮ್ಯಾಲ ನಿಂತು ಕಬಡ್ಡಿ ಅಂತೀನಿ."

"ನಿಯಮದಾಗ ಇಲ್ಲವಾ."

ಅಷ್ಟರಲ್ಲಿ ಬಾಗಿಲಲ್ಲಿ ಸರೋಜಕ್ಕನ ಕೋಲಿನ ಸಪ್ಪಳ. "ಆ ಪುಸ್ತಕ ಬರದಾವರು ಇವರಿಬ್ಬರನ್ನೂ ನೋಡಿದ್ರೇನ್ರಿ, ಮಾಸ್ತರ? ನೀವು ನೋಡೀರಿ. ನೀವು ಬರೀರಿ."

ಬರೆದೆ. ಅದಕ್ಕೆ ಎರಡು ದಿನ ಹಿಡಿಯಿತು. ಬರೆಯುವ ಮೊದಲು ಕೈಗಡಿಯಾರ ಹಿಡಿದು ಶಾಂತವ್ವನ ಉಸಿರು ಅಳೆದೆ, ಅಂಕಣದ ಉದ್ದಕ್ಕೆ ನೀಲವ್ವನ ಓಟ ಅಳೆದೆ. ಆಮೇಲೆ ಹೀಗೆ ನಿರ್ಧರಿಸಿದೆ: ಇಬ್ಬರೂ ಏಳು ಜನರ ತಂಡದಲ್ಲಿಯೇ ಇರಬೇಕು. ಉಸಿರಿನವಳು ನಡುಗೆರೆಯ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ 'ಕಬಡ್ಡಿ' ಎನ್ನಬೇಕು. ಓಟದವಳು ಆ ಒಂದೇ ಉಸಿರಿನೊಳಗೆ ಮರಳಿ ಬರಬೇಕು. ಬರುವ ಮೊದಲು ಉಸಿರು ಕಡಿದರೆ ಓಟದವಳು ಔಟ್.

ಕಾಗದದ ಮೇಲೆ ಸುಲಭವಾಗಿತ್ತು. ಅಂಕಣದಲ್ಲಿ ಮೊದಲ ದಿನವೇ ಕೆಟ್ಟಿತು. ಉಸಿರು ಎಷ್ಟು ಉಳಿದಿದೆ ಎನ್ನುವುದು ನೀಲವ್ವನಿಗೆ ಕೇಳದು. ನೀಲವ್ವ ಎಲ್ಲಿದ್ದಾಳೆ ಎನ್ನುವುದು ಶಾಂತವ್ವನಿಗೆ ಕಾಣದು. ಶಾಂತವ್ವನ ಬಲಗೈಗೆ ಕೆಂಪು ಕರವಸ್ತ್ರ ಕೊಟ್ಟೆವು. ಉಸಿರು ತುಂಬಿದ್ದಾಗ ಕೈ ತಲೆಯ ಮೇಲೆ, ಅರ್ಧವಾದಾಗ ಹೆಗಲಿಗೆ, ಮುಗಿಯಲು ಬಂದಾಗ ಸೊಂಟಕ್ಕೆ. ಮರಳಿ ಬಂದೊಡನೆ ನೀಲವ್ವ ಅವಳ ಎಡ ಅಂಗೈಗೆ ಹೊಡೆಯಬೇಕು, ಆಗ ಮಾತ್ರ ನಿಲ್ಲಿಸಬೇಕು. ಕರವಸ್ತ್ರ ನೋಡಲು ತಿರುಗಿದರೆ ನೀಲವ್ವ ಸಿಕ್ಕಿಬೀಳುತ್ತಿದ್ದಳು, ತಿರುಗದಿದ್ದರೆ ಉಸಿರು ಮುಗಿಯುತ್ತಿತ್ತು. ಗಾಬರಿಯಾದಾಗ ಶಾಂತವ್ವನ ಕೈ ತಾನಾಗಿ ಕೆಳಗೆ ಬರುತ್ತಿತ್ತು. ಮೂರು ದಿನ ಬರೀ ಜಗಳ. ಒಬ್ಬಳು ಬೈದದ್ದು ಇನ್ನೊಬ್ಬಳಿಗೆ ಕೇಳುತ್ತಿರಲಿಲ್ಲ, ಇವಳು ಮುಖ ಸೊಟ್ಟ ಮಾಡಿದ್ದು ಅವಳಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಜಗಳ ಬೆಳೆಯಲೂ ಇಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಮಲ್ಲವ್ವ ಖಾಲಿ ಡಬ್ಬಿ ಹಿಡಿದು ನನ್ನ ಮುಂದೆ ನಿಂತಳು.

"ಮಾಸ್ತರ, ನಿಮ್ಮ ಜೋಡಿ ತಯಾರಾಗೇತಿ ನೋಡ್ರಿ. ಬೆಲ್ಲ ಶೇಂಗಾ ಎರಡೂ ಖಾಲಿ! ಒಬ್ಬಾಕಿ ಬಾಗಲದಾಗ ನಿಂತು ನನ್ನ ಹೆಜ್ಜಿ ಸಪ್ಪಳ ಕೇಳತಾಳ, ಇನ್ನೊಬ್ಬಾಕಿ ಒಳಗ ಹೋಗಿ ಡಬ್ಬಿ ಹುಡಕತಾಳ. ನಾ ಬಂದೆ ಅಂದ ಕೂಡಲೇ ಹಗ್ಗಾ ಜಗ್ಗತಾರ್ರಿ, ನೀವ ಕಲಿಸಿದ ಹಗ್ಗಾ!"

ಶಿಸ್ತಿನ ಹೊಣೆ ನನ್ನದು, ಬೈಯಬೇಕಿತ್ತು. ಇಬ್ಬರಿಗೂ ಒಂದೊಂದು ಹೊತ್ತು ಪಾತ್ರೆ ತಿಕ್ಕುವ ಶಿಕ್ಷೆ ಕೊಟ್ಟೆ. ಆ ದಿನ ಸಂಜೆ ಅವರು ಹತ್ತು ದಾಳಿಯಲ್ಲಿ ಏಳನ್ನು ಪೂರೈಸಿದರು.

ಹೀಗೆ ಆ ಶನಿವಾರ ಬಂತು. ಮೂರೂವರೆಯ ಬಸ್ಸಿಗೆ ರಾಮದುರ್ಗದ ಬಸನಗೌಡ ಮಾಸ್ತರ ತನ್ನ ಹತ್ತು ಹುಡುಗಿಯರೊಂದಿಗೆ ಇಳಿದ. ನಾನೂ ಅವನೂ ತರಬೇತಿಯ ದಿನಗಳಿಂದ ಗೆಳೆಯರು, ಅಂಕಣದಲ್ಲಿ ವೈರಿಗಳು. ನಾನು ಬರೆದ ನಿಯಮವನ್ನು ಅವನು ಚಹಾ ಕುಡಿಯುತ್ತಾ ಎರಡು ಸಲ ಓದಿದ.

"ಏನಲೇ ಇದು? ನಾ ಒಮ್ಮೆ ಗೆರಿ ಒಂದ ಬೊಟ್ಟು ಸೊಟ್ಟ ಎಳದಿದ್ದಕ್ಕ ಪಂದ್ಯ ನಿಲ್ಲಿಸಿದಾಂವ ನೀನು. ಈಗ ಪುಸ್ತಕಾನ ಬದಲಿ ಮಾಡಾಕ ಹತ್ತೀಯಲ್ಲ?"

"ಪುಸ್ತಕ ಹಂಗ ಐತಪಾ. ಇದು ನಮ್ಮ ಶಿಬಿರದ್ದು. ನೀ ಒಪ್ಪಿದ್ರ ಉಂಟು, ಇಲ್ಲಂದ್ರ ಇಲ್ಲ."

"ಹುಡುಗಿ ಉಸಿರು ಖರ್ಚ ಮಾಡದ ಓಡತಾಳ. ನನ್ನ ಹುಡುಗ್ಯಾರು ಒದರಿಕೋತ ಓಡಬೇಕು. ಇದು ನ್ಯಾಯ ಏನು?"

ಅವನ ಪ್ರಶ್ನೆ ನ್ಯಾಯವಾದದ್ದೇ. ನೀಲವ್ವ ಸ್ವಲ್ಪ ದೂರದಲ್ಲಿ ನಿಂತು ನಮ್ಮಿಬ್ಬರ ತುಟಿಗಳನ್ನೇ ನೋಡುತ್ತಿದ್ದಳು. ಅವಳ ಕೈ ಸೊಂಟಕ್ಕೆ ಕಟ್ಟಿದ ವೇಲಿನ ಗಂಟಿನ ಮೇಲಿತ್ತು. ಕಟ್ಟಿಕೊಳ್ಳಲೋ ಬಿಚ್ಚಲೋ ಎಂದು ಕೇಳುವ ಹಾಗೆ.

"ನಿನ್ನ ಹುಡುಗ್ಯಾರೂ ಹಂಗ ಆಡಲಿ," ಎಂದೆ. "ಒಬ್ಬಾಕಿ ಒದರಲಿ, ಒಬ್ಬಾಕಿ ಓಡಲಿ. ಒಮ್ಮೆ ಮಾಡಿ ನೋಡು."

ಬಸನಗೌಡ ತನ್ನ ಚುರುಕಾದ ಇಬ್ಬರನ್ನು ಕರೆದು ಓಡುವವಳ ಕಿವಿಗೆ ಹತ್ತಿ ತುರುಕಿ, ಒದರುವವಳ ಕಣ್ಣಿಗೆ ಬಟ್ಟೆ ಕಟ್ಟಿ ಇಳಿಸಿದ. ಓಟದವಳು ಮೊದಲು ಕರವಸ್ತ್ರ ನೋಡುವುದನ್ನೇ ಮರೆತಳು, ಆಮೇಲೆ ನೆನಪಾಗಿ ಹಿಂದಿರುಗಿ ನೋಡಿದಳು. ನೋಡುವಷ್ಟರಲ್ಲಿ ನಮ್ಮ ತಂಡದ ಕೈಯೂರಿ ತೆವಳುವ ಹುಡುಗಿ ಅವಳ ಕಾಲು ಹಿಡಿದು ಕೆಡವಿದ್ದಳು. ಒದರುವವಳು ಅದು ತಿಳಿಯದೆ 'ಕಬಡ್ಡಿ' ಎನ್ನುತ್ತಲೇ ಇದ್ದಳು, ಉಸಿರು ಮುಗಿದು ಕೆಮ್ಮುತ್ತಾ ಕುಳಿತಳು. ಎರಡೂ ತಂಡದವರು ಹೊಟ್ಟೆ ಹಿಡಿದು ನಕ್ಕರು. ಬಸನಗೌಡನೂ ನಕ್ಕ.

"ಆತು, ಒಪ್ಪಿದೆ. ಆದ್ರ ಒಂದ ಮಾತು. ಇಬ್ಬರೂ ಕೂಡಿ ಒಂದ ದಾಳಿ ಅಂದ ಮ್ಯಾಲ, ಉಸಿರು ಕಡದ್ರ ಇಬ್ಬರೂ ಔಟ್. ಎರಡ ಪಾಯಿಂಟ್ ನಮಗ."

ಸರೋಜಕ್ಕ ಅದನ್ನು ಕೈಸನ್ನೆಯಿಂದ ನೀಲವ್ವನಿಗೆ ಹೇಳಿದರು. ನೀಲವ್ವ ಶಾಂತವ್ವನ ಅಂಗೈಯಲ್ಲಿ ಏನೋ ಬೆರಳಾಡಿಸಿದಳು. ಶಾಂತವ್ವ ತಲೆ ಎತ್ತಿದಳು: "ಹೂನ್ರಿ. ಇಬ್ಬರೂ ಅಂದ್ರ ಇಬ್ಬರೂ."

ನೀಲವ್ವ ವೇಲಿನ ಗಂಟನ್ನು ಇನ್ನಷ್ಟು ಬಿಗಿದಳು.

"ಅಂಪೈರ್ ನೀನ ಆಗು," ಎಂದ ಬಸನಗೌಡ. "ನಿನ್ನ ತಂಡ ಆದ್ರೂ ಅಡ್ಡಿ ಇಲ್ಲ. ನಿನಗ ದಯಾ ದಾಕ್ಷಿಣ್ಯ ಇಲ್ಲ ಅನ್ನೂದು ಇಡೀ ಜಿಲ್ಲಾಕ್ಕ ಗೊತ್ತೈತಿ."

ನಾಲ್ಕೂವರೆಗೆ ಪಂದ್ಯ ಶುರುವಾಯಿತು. ಹೂಲಿಯಿಂದ ಬಂದವರು, ಶಿಬಿರದವರ ತಂದೆ ತಾಯಂದಿರು, ದೊಡವಾಡದಿಂದ ನೀಲವ್ವನ ಅವ್ವ, ಎಲ್ಲರೂ ಗೆರೆಯ ಸುತ್ತ ಕುಳಿತಿದ್ದರು. ರಾಮದುರ್ಗದ ದಾಳಿಗಾರ್ತಿಯರು ಬಂದಾಗ ಶಾಂತವ್ವ ಧ್ವನಿ ಹಿಡಿದು ಒಬ್ಬಳ ಸೊಂಟಕ್ಕೆ ಬಿದ್ದಳು, ಬಿಡಲೇ ಇಲ್ಲ. ಮೊದಲ ಅರ್ಧದ ನಡುವಿನಲ್ಲಿ ನಮ್ಮ ಜೋಡಿಯ ಸರದಿ ಬಂತು.

ನೀಲವ್ವ ಹೋದಳು. ಬಹಳ ದಿನ ಕಾದವರು ಮಾಡುವ ತಪ್ಪನ್ನೇ ಮಾಡಿದಳು. ಒಬ್ಬಳನ್ನು ಮುಟ್ಟಿದ್ದು ಸಾಲದೆ ಮೂಲೆಯವಳ ಬೆನ್ನು ಹತ್ತಿದಳು. ಕರವಸ್ತ್ರ ಹೆಗಲಿಗೆ ಬಂತು, ಸೊಂಟಕ್ಕೆ ಬಂತು. ಅವಳು ನೋಡಲಿಲ್ಲ. ಅವಳ ಕಾಲು ನಡುಗೆರೆಯಿಂದ ಎರಡು ಹೆಜ್ಜೆ ದೂರ ಇದ್ದಾಗ ಶಾಂತವ್ವನ ಧ್ವನಿ ನಿಂತಿತು.

ಯಾರಿಗೂ ಗೊತ್ತಾಗದಂತೆ ಬಿಟ್ಟುಬಿಡಬಹುದಿತ್ತು. ಗದ್ದಲ ಅಷ್ಟಿತ್ತು. ಬಿಟ್ಟಿದ್ದರೆ ಅದು ಮತ್ತೆ ಅವಳನ್ನು ಆಡಿಸಿ ಎಣಿಸದೆ ಬಿಟ್ಟ ಹಾಗೆಯೇ ಆಗುತ್ತಿತ್ತು. ನಾನು ಸೀಟಿ ಊದಿ ಎರಡೂ ಕೈ ಎತ್ತಿದೆ. ಇಬ್ಬರೂ ಔಟ್.

"ಮಾಸ್ತರ! ಇವತ್ತ ನಿಮಗ ಊಟ ಬಂದ್!" ಎಂದು ಮಲ್ಲವ್ವ ಕೂಗಿದಳು. ಸುತ್ತಲಿನವರೂ ಕೂಗಿದರು.

ಶಾಂತವ್ವ ಹೊರಗೆ ಹೋಗುತ್ತಾ ನನ್ನ ಪಕ್ಕ ನಿಂತಳು. "ಉಸಿರು ಹೋಗಿದ್ದು ಖರೆ ಐತ್ರಿ ಸರ. ಅವರ ಮಾತ ಮನಸಿಗೆ ಹಚಗೋಬ್ಯಾಡ್ರಿ."

ನೀಲವ್ವ ಅಂಕ ಬರೆಯುವವರ ಮೇಜಿನ ಹತ್ತಿರ ಹೋಗಿ ಚೀಟಿಯನ್ನು ಬಗ್ಗಿ ನೋಡಿದಳು. ತನ್ನ ಹೆಸರಿನ ಮುಂದೆ ಔಟ್ ಎಂದು ಬರೆದದ್ದನ್ನು ನೋಡಿ, ಔಟಾದವರ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು.

ಔಟಾದವರು ಒಳಗೆ ಬರಬೇಕಾದರೆ ತಂಡ ಅಂಕ ಗಳಿಸಬೇಕು. ತೆವಳುವ ಹುಡುಗಿ ಎರಡನೆಯ ಅರ್ಧದಲ್ಲಿ ಇಬ್ಬರು ಎದುರಾಳಿಗಳ ಕಾಲು ಹಿಡಿದು ನಮ್ಮ ಜೋಡಿಯನ್ನು ಒಬ್ಬೊಬ್ಬರನ್ನಾಗಿ ಒಳಗೆ ತಂದಳು. ಆಗ ಉಳಿದದ್ದು ಎರಡು ನಿಮಿಷ, ನಾವು ಐದು ಅಂಕ ಹಿಂದೆ ಇದ್ದೆವು. ಗೆಲ್ಲುವುದು ಸಾಧ್ಯವಿರಲಿಲ್ಲ. ಆದರೆ ಜೋಡಿಗೆ ಇನ್ನೊಂದು ದಾಳಿ ಉಳಿದಿತ್ತು.

ಶಾಂತವ್ವ ಎಡಗಾಲನ್ನು ನಡುಗೆರೆಗೆ ತಾಗಿಸಿ ನಿಂತು ಕರವಸ್ತ್ರ ಎತ್ತಿದಳು. ಧ್ವನಿ ಶುರುವಾಯಿತು. ನೀಲವ್ವ ಈ ಸಲ ಅವಸರ ಮಾಡಲಿಲ್ಲ. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು, ಕಣ್ಣಂಚಿನಲ್ಲಿ ಕರವಸ್ತ್ರ. ಅದು ಹೆಗಲಿಗೆ ಇಳಿದಾಗ ಬಾಗಿ ಮೂಲೆಯವಳ ಮೊಣಕಾಲು ಮುಟ್ಟಿದಳು, ಮರುಕ್ಷಣವೇ ತಿರುಗಿದಳು. ಅಷ್ಟರಲ್ಲಿ ರಾಮದುರ್ಗದ ನಾಯಕಿ ಹಿಂದಿನಿಂದ ಹಾರಿ ಅವಳ ಕಾಲು ಹಿಡಿದಳು. ಇಬ್ಬರೂ ಮಣ್ಣಿಗೆ ಬಿದ್ದರು.

ನಡುಗೆರೆ ಒಂದು ಮೊಳ ದೂರ. ಕರವಸ್ತ್ರ ಸೊಂಟದಲ್ಲಿತ್ತು. ನೀಲವ್ವ ಮೊಣಕೈ ಊರಿ, ನಾಯಕಿಯನ್ನು ಎಳೆದುಕೊಂಡೇ ಸರಿದಳು. ಶಾಂತವ್ವನ ಕುತ್ತಿಗೆಯ ನರ ಉಬ್ಬಿತ್ತು, ಧ್ವನಿ ತೆಳ್ಳಗಾಗಿತ್ತು, ಆದರೂ ಅಕ್ಷರ ಅಕ್ಷರವೂ ಇತ್ತು. ಸುತ್ತಲಿನವರು ಎದ್ದು ನಿಂತಿದ್ದರು. ನಾನು ನೆಲಕ್ಕೆ ಮೊಣಕಾಲೂರಿ ಕಣ್ಣನ್ನು ಗೆರೆಗೆ ಕೊಟ್ಟೆ, ಕಿವಿಯನ್ನು ಶಾಂತವ್ವನಿಗೆ ಕೊಟ್ಟೆ. ನೀಲವ್ವನ ನಡುಬೆರಳು ಸುಣ್ಣಕ್ಕೆ ತಾಗಿತು. ಕಬಡ್ಡಿ, ಎಂದು ಕೇಳಿಸಿತು. ಮತ್ತೊಮ್ಮೆ ಕೇಳಿಸಿತು.

ಸೀಟಿ ಊದಿ ಎರಡು ಬೆರಳು ಎತ್ತಿದೆ. ಮುಟ್ಟಿಸಿಕೊಂಡವಳದು ಒಂದು, ಹಿಡಿದವಳದು ಒಂದು.

ಬಸನಗೌಡ ಓಡಿ ಬಂದ. "ಉಸಿರು ಇತ್ತೇನಲೇ?"

"ಇತ್ತು."

"ಖರೆ?"

"ನಾ ಎಂದರ ಸುಳ್ಳ ಹೇಳೀನೇನಪಾ?"

"ಇಲ್ಲ ಮಾರಾಯ, ಅದ ನಿನ್ನ ರೋಗ," ಎಂದು ಎಲ್ಲರಿಗಿಂತ ಮೊದಲು ಅವನೇ ಚಪ್ಪಾಳೆ ಹೊಡೆದ.

ಆ ಗದ್ದಲದಲ್ಲಿ ಶಾಂತವ್ವನಿಗೆ ಸೀಟಿ ಕೇಳಿಸಿರಲಿಲ್ಲ. ತುಟಿಯಲ್ಲಿ ಇನ್ನೂ ಕಬಡ್ಡಿ ಇತ್ತು. ನೀಲವ್ವ ಮಣ್ಣಿನ ಮೈಯಲ್ಲೇ ಎದ್ದು ಬಂದು ಅವಳ ಎಡ ಅಂಗೈಗೆ ಹೊಡೆದಳು. ಶಾಂತವ್ವ ಬುಸ್ಸೆಂದು ಉಸಿರು ಬಿಟ್ಟು ಅಲ್ಲೇ ಕುಳಿತಳು.

"ಎಷ್ಟ?" ಎಂದು ಕೇಳಿದಳು, ಕೇಳಿಸದವಳನ್ನು. ನೀಲವ್ವ ಅವಳ ಅಂಗೈಗೆ ಮತ್ತೆ ಎರಡು ಸಲ ಹೊಡೆದಳು. ಇಬ್ಬರೂ ಸುಣ್ಣದ ಗೆರೆಯ ಮೇಲೆ ಕುಳಿತೇ ನಕ್ಕರು. ದೊಡವಾಡದ ಅವ್ವ ಎದ್ದು ಬಂದು ಮಗಳ ಕೂದಲಿನ ಮಣ್ಣು ಕೊಡವಿದಳು, ಶಾಂತವ್ವನ ಮೂಗಿನ ಬೆವರನ್ನೂ ಸೆರಗಿನಿಂದ ಒರೆಸಿದಳು.

ಪಂದ್ಯ ಮೂರು ಅಂಕದಿಂದ ಸೋತೆವು. ಮಲ್ಲವ್ವ ಸೋತವರಿಗೂ ಗೆದ್ದವರಿಗೂ ಗೋದಿ ಬೆಲ್ಲದ ಮಾದಲಿ, ಹಾಲು ಬಡಿಸಿದಳು. ನನಗೂ ಬಡಿಸಿದಳು, ಆದರೆ ಕೊನೆಯಲ್ಲಿ.

ಇನ್ನು ಉಳಿದದ್ದು ಚೀಟಿ. ಅಂಕ ಬರೆಯಲು ಕುಳಿತಿದ್ದ ಹುಡುಗಿ ಆ ಕೊನೆಯ ದಾಳಿಯ ಸಾಲನ್ನು ಖಾಲಿ ಬಿಟ್ಟಿದ್ದಳು. "ಒಂದ ಮನಿಯೊಳಗ ಒಂದ ಹೆಸರು ಹಿಡಿತೈತ್ರಿ ಸರ, ಯಾರದು ಬರೀಲಿ?" ಎಂದಳು. ನಾನು ಕುರ್ಚಿ ಎಳೆದು ಕುಳಿತು, ಪೆನ್ನು ತೆಗೆದು, ಅಕ್ಷರ ಸಣ್ಣದು ಮಾಡಿ, ಒಂದೇ ಮನೆಯಲ್ಲಿ ಎರಡೂ ಹೆಸರು ಬರೆದೆ. ಬಸನಗೌಡ ಕೆಳಗೆ ಸಹಿ ಹಾಕಿದ, ನಾನೂ ಹಾಕಿದೆ. ಚೀಟಿ ಮಡಚಲು ಹೊರಟಾಗ ಮಣ್ಣು ಹತ್ತಿದ ಬೆರಳೊಂದು ಅದರ ಮೇಲೆ ಬಂದು ಕುಳಿತಿತು. ನೀಲವ್ವ ನನ್ನ ಹಿಂದೆಯೇ ನಿಂತಿದ್ದಳು. ಹೆಸರಿನ ಮುಂದಿನ ಅಂಕದ ಮನೆಯನ್ನು ತೋರಿಸುತ್ತಿದ್ದಳು. ನಾನು ಅದನ್ನು ತುಂಬಿರಲಿಲ್ಲ. ಜೀವಮಾನದಲ್ಲಿ ಎಷ್ಟು ಚೀಟಿ ಬರೆದಿದ್ದೇನೋ, ಅಂಕದ ಮನೆ ಖಾಲಿ ಬಿಟ್ಟದ್ದು ಅದೊಂದೇ.

ಮತ್ತೆ ಪೆನ್ನು ತೆಗೆದು 2 ಎಂದು ಬರೆದೆ. ಅವಳು ಬಗ್ಗಿ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿ ಬೆರಳು ತೆಗೆದಳು. ಸಮಯ ಸಂಜೆ ಆರು ಗಂಟೆ ಇಪ್ಪತ್ತೈದು ನಿಮಿಷ ಎಂದು ನಮೂದಿಸಿ ಚೀಟಿಯನ್ನು ಕಡತಕ್ಕೆ ಸೇರಿಸಿ ದಾರ ಕಟ್ಟಿದೆ.